ಹನ್ನೊಂದರಿಂದ ಶುರುವಾದ ಎಣಿಕೆ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವೆಂಬುದು ಇದ್ದೇ ಇರುತ್ತದೆ. ತೂತುಬಿದ್ದ ಹಂಡೆ, ಕಾಲು ಮುರಿದ ತೊಟ್ಟಿಲು, ವರ್ಷ ಮುಗಿದ ಪಂಚಾಂಗಗಳ ನಡುವೆ ಮಕ್ಕಳ ಪುಸ್ತಕಗಳದ್ದೂ ಒಂದು ಕಟ್ಟು ಇದ್ದೀತು. ರಕ್ಷಾಪುಟ ಕಳೆದುಕೊಂಡ 'ಚಂದಮಾಮ', ಗೆದ್ದಲು ಅರ್ಧ ತಿಂದ 'ಇಂದ್ರಜಾಲ ಕಾಮಿಕ್ಸ್', ಯಾರದೋ ಹೆಸರು ಗೀಚಿದ 'ಅಮರ ಚಿತ್ರಕಥೆ'. ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಅದು ಬಚ್ಚಲೊಲೆಗೆ ಹೋಗುತ್ತದೆ, ಇಲ್ಲವೇ ಗುಜರಿಯವನ ತಕ್ಕಡಿಗೆ.

ಅಮೆರಿಕದಲ್ಲಿ ಇಂಥದ್ದೇ ಒಂದು ಮಕ್ಕಳ ಪುಸ್ತಕ 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. 1938ರಲ್ಲಿ ಹತ್ತು ಸೆಂಟಿಗೆ ಸಿಗುತ್ತಿದ್ದ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆ ಅದು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಸಂಗ್ರಾಹಕರ ಮಾತಿನಲ್ಲಿ ಹೇಳುವುದಾದರೆ ಕಾಮಿಕ್ಸ್ ಚರಿತ್ರೆಯ 'ಚಿನ್ನದ ಯುಗ' ಆರಂಭವಾಗುವುದೇ ಆ ಸಂಚಿಕೆಯಿಂದ.

ಹೌದು, ಕಾಮಿಕ್ಸ್‌ಗೂ ಯುಗಗಳುಂಟು. ನಮ್ಮ ಕೃತ, ತ್ರೇತಾ, ದ್ವಾಪರ, ಕಲಿಗಳ ಹಾಗೆ ಪ್ರಾಚೀನ ಗ್ರೀಕರೂ ಕಾಲವನ್ನು ಚಿನ್ನ, ಬೆಳ್ಳಿ, ಕಂಚು, ಕಬ್ಬಿಣ ಎಂದು ಇಳಿಮುಖವಾಗಿ ಎಣಿಸಿದ್ದರು. ಸಂಗ್ರಾಹಕರು ಎರವಲು ಪಡೆದದ್ದು ಆ ಲೆಕ್ಕವನ್ನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅತಿಮಾನುಷ ವೀರರ ಕಥೆಗಳಿಗೆ ಗಿರಾಕಿ ಇಳಿಯಿತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಂದು ಪುಸ್ತಕವನ್ನೇ ಬರೆದರು. ಬೆದರಿದ ಪ್ರಕಾಶಕರು ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. 1956ರಲ್ಲಿ 'ಫ್ಲ್ಯಾಶ್' ಎಂಬ ಹಳೆಯ ವೀರ ಹೊಸ ವೇಷ ತೊಟ್ಟು ಬಂದಾಗ ಬೆಳ್ಳಿಯ ಯುಗ. ಕಂಚಿನ ಯುಗ ಎಂದಿನಿಂದ ಎಂಬುದಕ್ಕೆ ಒಮ್ಮತವಿಲ್ಲ. 1970 ಎನ್ನುವವರುಂಟು, ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಸತ್ತ 1973 ಎನ್ನುವವರೂ ಉಂಟು. ಎಂಬತ್ತರ ದಶಕದ ನಂತರದ್ದನ್ನು ಕೆಲವರು ತಾಮ್ರವೆಂದರೆ, ಮಿಕ್ಕವರು ಲೋಹದ ಗೊಡವೆ ಬಿಟ್ಟು 'ಆಧುನಿಕ' ಎಂದು ಕೈತೊಳೆದುಕೊಂಡರು.

ಸ್ವಾರಸ್ಯವಿರುವುದು ಇಸವಿಗಳಲ್ಲಲ್ಲ, ಹೆಸರಿಟ್ಟವರು ಯಾರೆಂಬುದರಲ್ಲಿ. 1938ರಲ್ಲಿ ಸೂಪರ್‌ಮ್ಯಾನ್ ಓದಿದ ಹುಡುಗನಿಗೆ ತಾನು ಚಿನ್ನದ ಯುಗದಲ್ಲಿದ್ದೇನೆಂದು ಗೊತ್ತಿರಲಿಲ್ಲ. ಅಂಥ ಹುಡುಗರು ಬೆಳೆದು ದೊಡ್ಡವರಾಗಿ, ಅಭಿಮಾನಿಗಳೇ ಕೈಯಾರೆ ನಕಲು ತೆಗೆದು ಹಂಚುತ್ತಿದ್ದ ಪತ್ರಿಕೆಗಳಲ್ಲಿ 1960ರ ಸುಮಾರಿಗೆ ಆ ಮಾತು ಚಲಾವಣೆಗೆ ಬಂತು. ರಿಚರ್ಡ್ ಲುಪಾಫ್ ಎಂಬ ಲೇಖಕರು ಅದನ್ನು ಮೊದಲಿಗೆ ಬಳಸಿದವರಲ್ಲಿ ಒಬ್ಬರು. 'ಬೆಳ್ಳಿ' ಎಂಬ ಮಾತಿನ ಮೂಲವನ್ನು 1966ರಲ್ಲಿ ಓದುಗರ ಅಂಕಣದಲ್ಲಿ ಅಚ್ಚಾದ ಒಂದು ಪತ್ರದಲ್ಲಿ ಗುರುತಿಸುತ್ತಾರೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಬೆಲೆಪಟ್ಟಿಯ ಪುಸ್ತಕ ತಂದ ಮೇಲೆ ಯುಗಕ್ಕೂ ದರಕ್ಕೂ ನಂಟು ಬಲವಾಯಿತು. ಅಂದರೆ ಪುಸ್ತಕ ಉಳಿಸಿಕೊಂಡವರೇ ಚರಿತ್ರೆಯನ್ನೂ ಬರೆದರು.

ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಓದಿದ ನಮಗೆ ಇದು ತೀರಾ ಹೊಸದೇನಲ್ಲ. 'ಭರತೇಶ ವೈಭವ'ವನ್ನು ಸಾಂಗತ್ಯದಲ್ಲಿ ಹಾಡಿದ ಮೂಡುಬಿದಿರೆಯ ರತ್ನಾಕರವರ್ಣಿಯನ್ನು ಷಟ್ಪದಿಯ ಕುಮಾರವ್ಯಾಸನ ಯುಗಕ್ಕೆ ಸೇರಿಸಿದವರು ಕೂಡ ಕವಿಯ ನಂತರ ಬಂದ ಚರಿತ್ರಕಾರರೇ.

ಹಾಗಾದರೆ ಭಾರತದ ಕಾಮಿಕ್ಸ್ ಯುಗ ಯಾವಾಗಿನಿಂದ? ಸಂಗ್ರಾಹಕರಲ್ಲಿ ಹಲವರು ಎಣಿಸುವುದು 1964ರಿಂದ. ಆ ವರ್ಷ ಟೈಮ್ಸ್ ಆಫ್ ಇಂಡಿಯಾ ಬಳಗ ಫ್ಯಾಂಟಮ್ ಕಥೆಯೊಂದಿಗೆ 'ಇಂದ್ರಜಾಲ ಕಾಮಿಕ್ಸ್' ಆರಂಭಿಸಿತು. ಅದು ಕನ್ನಡದಲ್ಲೂ ಬಂತು. 1990ರಲ್ಲಿ ನಿಂತಿತು, ಆ ಹೊತ್ತಿಗೆ ಮನೆಮನೆಯ ಟಿವಿಯಲ್ಲಿ ರಾಮಾಯಣ, ಮಹಾಭಾರತ ಬಂದಾಗಿತ್ತು.

ಇನ್ನೊಂದು ಎಣಿಕೆ 'ಅಮರ ಚಿತ್ರಕಥೆ'ಯದು. ಅದರ ಸಂಪಾದಕ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಮೂಡುಬಿದಿರೆಯ ಪಕ್ಕದ ಕಾರ್ಕಳದಲ್ಲಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಮುಂಬಯಿ ಸೇರಿದ ಹುಡುಗ ಮುಂದೆ ದೇಶಕ್ಕೆಲ್ಲ 'ಅಂಕಲ್ ಪೈ' ಆದರು. ದೆಹಲಿಯ ಟಿವಿ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣಕ್ಕೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲವೆಂಬುದು, ಅದರಿಂದ ಪೈ ಅವರಿಗೆ ಈ ಮಾಲೆಯ ಯೋಚನೆ ಬಂತೆಂಬುದು ಪ್ರಸಿದ್ಧ ಕಥೆ. ಆದರೆ ಅವರ ಮೊದಲ ಪುಸ್ತಕ 'ಕೃಷ್ಣ'ದ ಕ್ರಮಾಂಕ ಒಂದಲ್ಲ, ಹನ್ನೊಂದು!

ಮೊದಲ ಹತ್ತು ಎಲ್ಲಿ ಹೋದವು? ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿಕೊಂಡಿರುವಂತೆ ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಅವು ನಮ್ಮ ಪುರಾಣಗಳಲ್ಲ. ಸಿಂಡ್ರೆಲಾಳಂಥ ಪಾಶ್ಚಾತ್ಯ ಕಿನ್ನರ ಕಥೆಗಳು. ಅವು ಚೆನ್ನಾಗಿ ಮಾರಾಟವಾದದ್ದೇ ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಕೊಟ್ಟಿತೆಂಬುದು ಅವರ ವಾದ. ಆ ಹತ್ತು ಮತ್ತೆ ಮಾಲೆಯೊಳಗೆ ಬರಲಿಲ್ಲ. ಮುಂದೆ ಮರುಮುದ್ರಣಕ್ಕೆ ಹೊಸ ಅಂಕಿಗಳನ್ನು ಕೊಟ್ಟಾಗ 'ಕೃಷ್ಣ' 501 ಆಯಿತು. ಹನ್ನೊಂದೆಂಬ ಗುರುತೂ ಹೋಯಿತು. ಪುರಾಣದ ಮಾಲೆಯೆಂದೇ ಹೆಸರಾದ ಮೇಲೆ ಸಿಂಡ್ರೆಲಾಳನ್ನು ನೆನೆಯುವವರಾದರೂ ಯಾರು? ಆದರೂ ಕನ್ನಡದ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ಹಾಗೆಂದು ಜೋಪಾನ ಮಾಡುವುದು ಈ ಸೀಮೆಯವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಹಳಗನ್ನಡ ಲಿಪಿಯ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಮಳೆ, ಹುಳ ದಾಟಿ ಉಳಿದವು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾಲದ ವಸ್ತುಗಳ ರಾಶಿಯೇ ಇದೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ದಿನಬಳಕೆಯ ಸಾಮಾನುಗಳನ್ನು ಒಟ್ಟುಮಾಡಿದೆ. ಧವಲಾ ಉಳಿದದ್ದು ಅದು ಪೂಜ್ಯವೆಂಬ ಕಾರಣಕ್ಕೆ. ಕಾಮಿಕ್ಸ್ ಹಾಗಲ್ಲ. ಓದಿ, ಪಕ್ಕದ ಮನೆಗೆ ಕೊಟ್ಟು, ಹರಿದ ಮೇಲೆ ಬಿಸಾಡುವ ವಸ್ತು. ಅಮೆರಿಕದಲ್ಲೂ ಯುದ್ಧಕಾಲದ ಕಾಗದ ಸಂಗ್ರಹದಲ್ಲಿ ರಾಶಿರಾಶಿ ಕಾಮಿಕ್ಸ್ ರದ್ದಿಯಾದವು. ಇವತ್ತಿನ ದರಕ್ಕೆ ಅದೂ ಒಂದು ಕಾರಣ.

ಈ ಬಾರಿ ಅಟ್ಟ ಗುಡಿಸುವಾಗ ಕನ್ನಡ ಮಾತಾಡುವ ಸಿಂಡ್ರೆಲಾ ಸಿಕ್ಕಿದರೆ ಒಮ್ಮೆ ಪುಟ ತಿರುವಿ ನೋಡಬಹುದು. ಅಮರ ಚಿತ್ರಕಥೆಯ ಹೆಸರೂ 1965ರ ಇಸವಿಯೂ ಅದರಲ್ಲಿದ್ದರೆ, ತಕ್ಕಡಿಯವನನ್ನು ಸ್ವಲ್ಪ ಕಾಯಲು ಹೇಳುವುದು ಒಳ್ಳೆಯದು.