ಎಲ್ಲರ ಹುಲ್ಲುಗಾವಲಿಗೆ ಯಾರ ಕಾವಲು?

1968ರ ಡಿಸೆಂಬರ್ 13ರ ‘ಸೈನ್ಸ್’ ಪತ್ರಿಕೆಯಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಒಂದು ಹುಲ್ಲುಗಾವಲನ್ನು ಕಲ್ಪಿಸಿಕೊಂಡರು. ಅದು ಊರವರಿಗೆಲ್ಲ ಸೇರಿದ್ದು, ಯಾರು ಬೇಕಾದರೂ ದನ ಮೇಯಿಸಬಹುದು. ಒಬ್ಬ ಒಂದು ಹಸು ಹೆಚ್ಚಿಗೆ ಬಿಟ್ಟರೆ ಅದರ ಹಾಲೆಲ್ಲ ಅವನದು. ಹುಲ್ಲು ಕಡಿಮೆಯಾದ ನಷ್ಟ ಮಾತ್ರ ಇಡೀ ಊರಿಗೆ ಹಂಚಿಹೋಗುತ್ತದೆ. ಅಂದಮೇಲೆ ಲೆಕ್ಕ ಬಲ್ಲವರೆಲ್ಲ ಇನ್ನೊಂದು, ಮತ್ತೊಂದು ಎಂದು ದನ ಬಿಡುತ್ತಲೇ ಹೋಗುತ್ತಾರೆ. ಕೊನೆಗೆ ಹುಲ್ಲೂ ಇಲ್ಲ, ದನವೂ ಇಲ್ಲ. ಇದಕ್ಕೆ ಹಾರ್ಡಿನ್ ಕಂಡ ದಾರಿ ಎರಡೇ: ಗಾವಲನ್ನು ತುಂಡು ಮಾಡಿ ಖಾಸಗಿಯವರಿಗೆ ಕೊಡಿ, ಇಲ್ಲವೇ ಸರ್ಕಾರ ವಶಕ್ಕೆ ತೆಗೆದುಕೊಳ್ಳಲಿ.

ಪರಿಸರದ ಬಗ್ಗೆ ಬರೆದ ಲೇಖನಗಳಲ್ಲಿ ಇದರಷ್ಟು ಉಲ್ಲೇಖಗೊಂಡವು ಬಹಳ ಕಡಿಮೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಜೀವವಿಜ್ಞಾನ ಮೂರರ ಪಠ್ಯಗಳಿಗೂ ಅದು ಹೋಯಿತು. ಆದರೆ ಆ ಗಾವಲು ಯಾವ ಊರಿನದು, ಅಲ್ಲಿ ಎಷ್ಟು ಮನೆ, ಎಷ್ಟು ದನ ಎಂಬ ವಿವರ ಅದರಲ್ಲಿಲ್ಲ. 1833ರಲ್ಲಿ ವಿಲಿಯಂ ಫಾರ್ಸ್ಟರ್ ಲಾಯ್ಡ್ ಎಂಬ ಇಂಗ್ಲಿಷ್ ವಿದ್ವಾಂಸ ಕೊಟ್ಟಿದ್ದ ಉದಾಹರಣೆಯನ್ನೇ ಹಾರ್ಡಿನ್ ಬೆಳೆಸಿದ್ದರು. ಅವರ ನಿಜವಾದ ಚಿಂತೆ ಜನಸಂಖ್ಯೆ ಏರಿಕೆಯದು. ದನಗಳು ಬಂದದ್ದು ದೃಷ್ಟಾಂತಕ್ಕಾಗಿ. ಕಲ್ಪನೆಯ ಆ ಗಾವಲಿನಲ್ಲಿ ಜನ ಪರಸ್ಪರ ಮಾತನ್ನೇ ಆಡುವುದಿಲ್ಲ! ಅಕ್ಕಪಕ್ಕದ ದನ ಬೇಲಿ ಹಾರಿದರೆ ಊರೆಲ್ಲ ಕೇಳುವಂತೆ ಜಗಳವಾಡುವ ಹಳ್ಳಿಗರನ್ನು ಕಂಡವರಿಗೆ ಇದು ವಿಚಿತ್ರವೆನಿಸಬೇಕಿತ್ತು. ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವರಿಗೆ ಹಾಗೆ ಅನಿಸಲಿಲ್ಲ.

ಹಾಗೆ ಅನಿಸಿದವರಲ್ಲಿ ಒಬ್ಬರು ಎಲಿನಾರ್ ಆಸ್ಟ್ರಂ. 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಆಕೆಗೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವ ಆಸೆಯಿತ್ತು. ಶಾಲೆಯಲ್ಲಿ ಹುಡುಗಿಗೆ ತ್ರಿಕೋನಮಿತಿ ಯಾಕೆ ಎಂದು ಕಲಿಸಿರಲಿಲ್ಲ; ಗಣಿತ ಸಾಲದು ಎಂದು ಅರ್ಥಶಾಸ್ತ್ರ ವಿಭಾಗ ಬಾಗಿಲು ಹಾಕಿತು. ಆಕೆ ರಾಜ್ಯಶಾಸ್ತ್ರಕ್ಕೆ ಹೋದರು. ಅದೇ ಆಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಬಾಗಿಲು ಹಾಕಿದವರಿಗೆ, ಪಾಪ, ಅಂದು ಇದು ಹೊಳೆಯುವಂತಿರಲಿಲ್ಲ.

1965ರ ಆಕೆಯ ಪ್ರಬಂಧದ ವಸ್ತು ಅಂತರ್ಜಲ. ದಕ್ಷಿಣ ಕ್ಯಾಲಿಫೋರ್ನಿಯಾದ ವೆಸ್ಟ್ ಬೇಸಿನ್ ಎಂಬಲ್ಲಿ ಎಲ್ಲರೂ ಕೊಳವೆಬಾವಿ ಕೊರೆದು ನೀರೆತ್ತುತ್ತಿದ್ದರು. ನೆಲದಡಿಯ ಮಟ್ಟ ಕುಸಿದು ಕಡಲಿನ ಉಪ್ಪುನೀರು ಒಳನುಗ್ಗಿತು. ಹಾರ್ಡಿನ್ ಲೆಕ್ಕದ ಪ್ರಕಾರ ಅಲ್ಲಿಗೆ ಕಥೆ ಮುಗಿಯಬೇಕು. ನಡೆದದ್ದು ಬೇರೆ: ನೀರೆತ್ತುವವರು ಸಂಘ ಕಟ್ಟಿದರು, ನ್ಯಾಯಾಲಯದ ಮುಂದೆ ರಾಜಿಯಾಗಿ ತಂತಮ್ಮ ಪಾಲು ಕಡಿಮೆ ಮಾಡಿಕೊಂಡರು, ಕರಾವಳಿಯುದ್ದಕ್ಕೂ ಸಾಲುಬಾವಿಗಳಲ್ಲಿ ಸಿಹಿನೀರು ಇಳಿಸಿ ಉಪ್ಪುನೀರಿಗೆ ತಡೆ ಹಾಕಿದರು.

ಒಂದು ಕಡೆ ಹೀಗಾದರೆ ಉಳಿದ ಕಡೆ ಏನಾಗಿದೆ? ಇಲ್ಲಿಂದ ಮುಂದಿನದು ಅರ್ಧ ಸಂಶೋಧನೆ, ಅರ್ಧ ಗ್ರಂಥಪಾಲಕರ ಕೆಲಸ. 1980ರ ದಶಕದ ನಡುವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಆಸ್ಟ್ರಂ ತಂಡ ಪ್ರಪಂಚದ ನಾನಾ ಮೂಲೆಗಳ ಗೋಮಾಳ, ಕಾಲುವೆ, ಮೀನುಗಾರಿಕೆ, ಕಾಡುಗಳ ಬಗ್ಗೆ ಆಗಲೇ ಬರೆದಿಟ್ಟಿದ್ದ ಅಧ್ಯಯನಗಳನ್ನು ಹುಡುಕತೊಡಗಿತು. ಫೆಂಟನ್ ಮಾರ್ಟಿನ್ ಎಂಬ ಗ್ರಂಥಪಾಲಕಿ ಪಟ್ಟಿ ಮಾಡುತ್ತ ಹೋದಂತೆ ಅವು ಸಾವಿರಗಳ ಲೆಕ್ಕದಲ್ಲಿ ಸಿಕ್ಕವು. ಮಾನವಶಾಸ್ತ್ರದವರು ಒಂದು ಕಪಾಟಿನಲ್ಲಿ, ನೀರಾವರಿ ಎಂಜಿನಿಯರುಗಳು ಇನ್ನೊಂದರಲ್ಲಿ, ಇತಿಹಾಸಕಾರರು ಮತ್ತೊಂದರಲ್ಲಿ ಬರೆದಿಟ್ಟಿದ್ದರು. ಒಬ್ಬರದನ್ನು ಇನ್ನೊಬ್ಬರು ಓದಿರಲಿಲ್ಲ. ಹಾರ್ಡಿನ್‌ಗೆ ಉತ್ತರ ಯಾರೋ ಹೊಸದಾಗಿ ಕಂಡುಹಿಡಿಯಬೇಕಾದದ್ದಾಗಿರಲಿಲ್ಲ. ಅದು ಗ್ರಂಥಾಲಯಗಳಲ್ಲಿ ಚೂರುಚೂರಾಗಿ ಬಿದ್ದಿತ್ತು.

ಅದರಲ್ಲಿ ಒಂದು ಚೂರು ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದೂರಿನದು. ರಾಬರ್ಟ್ ನೆಟ್ಟಿಂಗ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿನ ಹಳೆಯ ಕಾಗದಪತ್ರ ಕೆದಕಿದ್ದರು. ಹೊಲಗಳು ಮನೆಮನೆಯವು, ಬೆಟ್ಟದ ಮೇಲಿನ ಹುಲ್ಲು ಮತ್ತು ಕಾಡು ಊರಿನದು. ಅದನ್ನು ನೋಡಿಕೊಳ್ಳುವ ಕಟ್ಟುಪಾಡಿಗೆ 1483ರಲ್ಲೇ ಊರವರ ಒಪ್ಪಂದವಿದೆ. 1517ರ ನಿಯಮವಂತೂ ಒಂದೇ ಸಾಲಿನದು: ಚಳಿಗಾಲದಲ್ಲಿ ಸ್ವಂತ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡು. ಬೆಟ್ಟ ಹತ್ತುವಾಗಲೇ ಹಸುಗಳನ್ನು ಎಣಿಸುತ್ತಿದ್ದರು. ಮಿತಿ ಮೀರಿದವನಿಗೆ ದಂಡ. ಆ ದಂಡದಲ್ಲಿ ಅರ್ಧ, ಹಿಡಿದ ಊರ ಅಧಿಕಾರಿಗೇ! ಐದು ಶತಮಾನ ಆ ಗಾವಲು ಹಾಳಾಗದೆ ಉಳಿಯಿತು.

ಇನ್ನೊಂದು ಟರ್ಕಿಯ ಅಲನ್ಯ ಬಂದರಿನದು. 1970ರ ಆಸುಪಾಸಿನಲ್ಲಿ ಅಲ್ಲಿನ ನೂರರಷ್ಟು ಮೀನುಗಾರರಲ್ಲಿ ಒಳ್ಳೆಯ ಜಾಗಕ್ಕಾಗಿ ಹೊಡೆದಾಟವೇ ಆಗುತ್ತಿತ್ತು. ಹತ್ತು ವರ್ಷ ಹಾಗೆ ಹೀಗೆ ಮಾಡಿ ನೋಡಿ ಅವರು ಒಂದು ಕ್ರಮಕ್ಕೆ ಬಂದರು. ಬಲೆ ಹಾಕುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಒಬ್ಬನ ಬಲೆ ಇನ್ನೊಬ್ಬನ ಮೀನನ್ನು ತಡೆಯದಷ್ಟು ಅಂತರ ಇಟ್ಟರು. ಪ್ರತಿ ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತುವುದು. ಅಲ್ಲಿಂದ ಜನವರಿವರೆಗೆ ಪ್ರತಿಯೊಬ್ಬನೂ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುತ್ತಾನೆ, ಜನವರಿಯಿಂದ ಮೇವರೆಗೆ ಪಶ್ಚಿಮಕ್ಕೆ. ಹೀಗೆ ಚಲಿಸುವ ಮೀನಿನಲ್ಲಿ ಎಲ್ಲರಿಗೂ ಸರಿಪಾಲು. ಕಾವಲಿಗೆ ಬೇರೆ ಜನ ಬೇಡ: ಒಳ್ಳೆಯ ಜಾಗ ಯಾರ ಪಾಲಿಗೆ ಬಂದಿದೆಯೋ ಅವನು ಅಂದು ನಸುಕಿನಲ್ಲೇ ಹಾಜರಿರುತ್ತಾನೆ, ಕಳ್ಳಬಲೆ ಹಾಕಿದವನು ಅವನ ಕೈಗೇ ಸಿಗುತ್ತಾನೆ. ತಂಟೆಗಳೆಲ್ಲ ಕಾಫಿ ಅಂಗಡಿಯಲ್ಲಿ ತೀರ್ಮಾನ. ಸರ್ಕಾರದ ಯಾವ ಅಧಿಕಾರಿಯೂ ಕಚೇರಿಯಲ್ಲಿ ಕೂತು ಇಂಥ ನಿಯಮ ಬರೆಯಲಾರ, ಏಕೆಂದರೆ ಅಲ್ಲಿನ ಒಂದೊಂದು ಬಂಡೆಯ ಬಳಿ ಯಾವ ತಿಂಗಳು ಮೀನು ಬರುತ್ತದೆ ಎಂಬುದು ಆ ಬೆಸ್ತರಿಗೆ ಮಾತ್ರ ಗೊತ್ತು.

ಸೋತ ಊರುಗಳನ್ನೂ ಆಸ್ಟ್ರಂ ಬಿಡಲಿಲ್ಲ. ಗೆದ್ದವನ್ನೂ ಸೋತವನ್ನೂ ಪಕ್ಕಪಕ್ಕ ಇಟ್ಟು 1990ರ ತಮ್ಮ ಪುಸ್ತಕದಲ್ಲಿ, ಬಹುಕಾಲ ಉಳಿದ ವ್ಯವಸ್ಥೆಗಳಲ್ಲಿ ಕಾಣುವ ಎಂಟು ಲಕ್ಷಣ ಗುರುತಿಸಿದರು. ಯಾರಿಗೆ ಹಕ್ಕಿದೆ ಎಂಬುದು ಸ್ಪಷ್ಟವಾಗಿರುವುದು, ನಿಯಮ ಪಾಲಿಸುವವರಿಗೇ ಅದನ್ನು ತಿದ್ದುವ ಅವಕಾಶ, ಕಾವಲು ಕಾಯುವವ ಊರಿಗೆ ಉತ್ತರ ಕೊಡಬೇಕಾಗಿರುವುದು, ಮೊದಲ ತಪ್ಪಿಗೆ ಸಣ್ಣ ದಂಡ ಹಾಕಿ ಮರಳಿ ಮಾಡಿದರೆ ಏರಿಸುವುದು, ಜಗಳ ಕಡಿಮೆ ಖರ್ಚಿನಲ್ಲಿ ತೀರುವುದು, ಮೇಲಿನ ಸರ್ಕಾರ ಇದಕ್ಕೆಲ್ಲ ಅಡ್ಡಬರದಿರುವುದು ಅವುಗಳಲ್ಲಿ ಮುಖ್ಯ. ತಪ್ಪಿ ಹೊಲ ನುಗ್ಗಿದ ದನವನ್ನು ದೊಡ್ಡಿಗೆ ಹಾಕಿ ನಾಲ್ಕು ಕಾಸು ಕಟ್ಟಿಸಿಕೊಳ್ಳುತ್ತಿದ್ದ ನಮ್ಮ ಹಳ್ಳಿಗಳಿಗೆ ನಾಲ್ಕನೆಯದನ್ನು ಬಿಡಿಸಿ ಹೇಳಬೇಕಿಲ್ಲ.

ಹಳ್ಳಿಗಳ ಕಥೆ ಸಾಲದು ಎನ್ನುವವರಿಗಾಗಿ ಪ್ರಯೋಗಾಲಯವೂ ಬಂತು. ರಾಯ್ ಗಾರ್ಡ್ನರ್ ಮತ್ತು ಜೇಮ್ಸ್ ವಾಕರ್ ಎಂಬ ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಆಸ್ಟ್ರಂ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪ್ರತಿಯೊಬ್ಬರಿಗೂ ಒಂದಿಷ್ಟು ಟೋಕನ್. ಒಂದು ಕಡೆ ಹಾಕಿದರೆ ನಿಗದಿತ ಲಾಭ. ಇನ್ನೊಂದು ಕಡೆ ಮೊದಲು ಹೆಚ್ಚು ಲಾಭ, ಆದರೆ ಎಲ್ಲರೂ ಅಲ್ಲೇ ಸುರಿದರೆ ಎಲ್ಲರದೂ ಮುಳುಗುತ್ತದೆ. ಮಾತಾಡಬಾರದು ಎಂದಾಗ ವಿದ್ಯಾರ್ಥಿಗಳು ಹಾರ್ಡಿನ್ ಹೇಳಿದಂತೆಯೇ ನಡೆದುಕೊಂಡು ಗಾವಲು ಬೋಳಿಸಿದರು. ಸುತ್ತುಗಳ ನಡುವೆ ಎದುರುಬದುರು ಕೂತು ಮಾತಾಡಲು ಬಿಟ್ಟಾಗ ಗಳಿಕೆ ಬಹಳವೇ ಏರಿತು. ಆಡಿದ ಮಾತಿಗೆ ಯಾವ ಕಟ್ಟೂ ಇರಲಿಲ್ಲ, ಮುರಿದರೆ ಕೇಳುವವರಿಲ್ಲ. ಸ್ವಾರ್ಥವೊಂದನ್ನೇ ನಂಬುವ ಆಟದ ಸಿದ್ಧಾಂತದ ಪ್ರಕಾರ ಅಂಥ ಬರಿಮಾತಿನಿಂದ ಏನೂ ಬದಲಾಗಕೂಡದು. ಬದಲಾಯಿತು.

ಭಾರತದಿಂದ ಹೋದ ಚೂರುಗಳೂ ಈ ರಾಶಿಯಲ್ಲಿದ್ದವು. ರಾಬರ್ಟ್ ವೇಡ್ ಆಂಧ್ರದ ಕರ್ನೂಲು ಕಡೆಯ ಕಾಲುವೆ ಹಳ್ಳಿಗಳಲ್ಲಿ ತಿರುಗಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳಲ್ಲಿ ಪ್ರಸಿದ್ಧ. ಕೆಲವು ಊರುಗಳು ತಾವೇ ಹಣ ಕೂಡಿಸಿ, ಗದ್ದೆಗೆ ನೀರು ಹಾಯಿಸಲು ಮತ್ತು ಬೆಳೆ ಕಾಯಲು ಆಳುಗಳನ್ನು ನೇಮಿಸಿಕೊಂಡಿದ್ದವು. ಪಕ್ಕದ ಊರುಗಳಲ್ಲಿ ಅದಿರಲಿಲ್ಲ. ವ್ಯತ್ಯಾಸ ಜನರ ಗುಣದಲ್ಲಿರದೆ ಕಾಲುವೆಯಲ್ಲಿ ಊರು ಎಲ್ಲಿದೆ ಎಂಬುದರಲ್ಲಿತ್ತು. ನೀರು ಖಚಿತವಿಲ್ಲದ ಕೆಳಭಾಗದ ಊರುಗಳೇ ಹೆಚ್ಚಾಗಿ ಒಗ್ಗೂಡಿದ್ದವು. ಮೇಲ್ಭಾಗದವರಿಗೆ ಅದರ ಗೊಡವೆ ಬೇಕಿರಲಿಲ್ಲ. ತುಂಗಭದ್ರಾ ಎಡದಂಡೆಯ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವ ಸುದ್ದಿ ಓದುವವರಿಗೆ ಈ ಮೇಲು–ಕೆಳಗಿನ ಭೂಗೋಳ ಹೊಸದಲ್ಲ.

ಕರ್ನಾಟಕದಲ್ಲಿ ಹುಡುಕಿದರೂ ಇಂಥ ಊರು ಸಿಗುತ್ತವೆ. ಬೊಂಬಾಯಿ ಪ್ರಾಂತ್ಯದ ಆಡಳಿತವಿದ್ದ 1920ರ ದಶಕದಲ್ಲಿ ಕುಮಟಾ ಸೀಮೆಯ ಹಳಕಾರಿನಲ್ಲಿ ಗ್ರಾಮ ಅರಣ್ಯ ಪಂಚಾಯಿತಿ ಹುಟ್ಟಿತು. ಊರ ಕಾಡಿನ ಸೊಪ್ಪು, ಸೌದೆಗೆ ಊರವರದೇ ನಿಯಮ. ಸ್ವಾತಂತ್ರ್ಯ ಬಂದ ಮೇಲೆ ಇಂಥ ಪಂಚಾಯಿತಿಗಳನ್ನು ರದ್ದು ಮಾಡುವ ಆದೇಶ ಬಂದಾಗ ಹಳಕಾರಿನವರು ನ್ಯಾಯಾಲಯಕ್ಕೆ ಹೋಗಿ ತಮ್ಮದನ್ನು ಉಳಿಸಿಕೊಂಡರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಈ ಕಾಡಿನ ಉದಾಹರಣೆಯನ್ನು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ.

ಉಳಿದ ಕಡೆ ಹಾರ್ಡಿನ್ ಹೇಳಿದ ಎರಡು ದಾರಿಗಳೇ ನಡೆದವು. ಎನ್.ಎಸ್. ಜೋಧಾ ಎಂಬ ಅರ್ಥಶಾಸ್ತ್ರಜ್ಞ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಒಣಸೀಮೆಯ 80ಕ್ಕೂ ಹೆಚ್ಚು ಹಳ್ಳಿ ಸುತ್ತಿ 1986ರಲ್ಲಿ ಬರೆದಂತೆ, 1950ರ ದಶಕದ ಆರಂಭದಿಂದ ಮೂವತ್ತು ವರ್ಷಗಳಲ್ಲಿ ಊರ ಸಾಮಾನ್ಯ ಭೂಮಿ ಸುಮಾರು ಮೂರನೇ ಒಂದರಿಂದ ಅರ್ಧದವರೆಗೆ ಕುಗ್ಗಿತ್ತು. ಬಡವರಿಗೆ ಹಂಚುವ ಹೆಸರಿನಲ್ಲಿ ತುಂಡಾದ ನೆಲದ ದೊಡ್ಡ ಪಾಲು ಸೇರಿದ್ದು ಉಳ್ಳವರಿಗೆ. ಸೌದೆ, ಮೇವು, ಕಾಯಿಪಲ್ಲೆಗೆ ಆ ನೆಲವನ್ನೇ ನಂಬಿದ್ದ ಬಡಮನೆಗಳು ಬರಿಗೈಯಾದವು. ಸರ್ಕಾರಿ ದಾರಿಗೆ ಚಳ್ಳಕೆರೆಯೇ ಸಾಕ್ಷಿ. ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಯಿತು. ಕುರಿ–ದನ ಮೇಯಿಸುತ್ತಿದ್ದ ಸುತ್ತಲ ಊರವರಿಗೆ ವಿಷಯ ಸರಿಯಾಗಿ ತಿಳಿದದ್ದು ಬೇಲಿ, ಗೋಡೆ ಎದ್ದ ಮೇಲೆ.

ಹಾಗೆಂದು ಹಳೆಯ ಊರೆಲ್ಲ ಸಮಾನತೆಯ ತವರು ಎಂದು ಹಾಡಿ ಹೊಗಳುವಂತಿಲ್ಲ. ಕೆರೆಯ ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಅನೇಕ ಕಡೆ ದಲಿತ. ಸುಗ್ಗಿಯಲ್ಲಿ ಕಣದಲ್ಲಿ ಅವನಿಗೆ ಸಿಗುತ್ತಿದ್ದದ್ದು ಕಾಳು, ನಿಯಮ ಮಾಡುವ ಕಟ್ಟೆಯ ಮೇಲೆ ಜಾಗವಲ್ಲ. ಕರ್ನಾಟಕದ ಕೆರೆಗಳ ಇತಿಹಾಸ ಬರೆದ ಎಷಾ ಶಾ, ಹೂಳೆತ್ತುವ ಕೆಲಸದ ಹಿಂದೆ ಬಿಟ್ಟಿ ದುಡಿಮೆಯೂ ಇತ್ತೆಂದು ತೋರಿಸಿದ್ದಾರೆ. ಕಾಡಿನ ಸಮಿತಿಗಳನ್ನು ಅಧ್ಯಯನ ಮಾಡಿದ ಬೀನಾ ಅಗರ್ವಾಲ್, ಸೌದೆ ತರುವವರು ಹೆಂಗಸರಾದರೂ ಸೌದೆ ನಿಷೇಧಿಸುವ ಸಭೆಯಲ್ಲಿ ಅವರಿರುವುದಿಲ್ಲ ಎಂದರು. ಆಸ್ಟ್ರಂ ಅವರ ಎಂಟು ಲಕ್ಷಣಗಳಲ್ಲಿ ಜಾತಿಗೆ ಜಾಗವಿಲ್ಲ. ಈ ನಾಡಿನಲ್ಲಿ ಅವನ್ನು ಓದುವಾಗ ಆ ಕೊರತೆ ಚಿಕ್ಕದಲ್ಲ.

2000ರ ದಶಕದಲ್ಲಿ ಆಸ್ಟ್ರಂ ಅವರ ಗಮನ ಇನ್ನೊಂದು ಬಗೆಯ ಗಾವಲಿನತ್ತ ಹೊರಳಿತು. ಇಂಡಿಯಾನಾ ವಿಶ್ವವಿದ್ಯಾಲಯದ ತಮ್ಮ ಸಂಶೋಧನಾ ಕೇಂದ್ರದಲ್ಲಿ ಮಾಹಿತಿ ವಿಭಾಗ ನೋಡಿಕೊಳ್ಳುತ್ತಿದ್ದ ಷಾರ್ಲೆಟ್ ಹೆಸ್ ಜೊತೆ ಸೇರಿ ಜ್ಞಾನವನ್ನೇ ಒಂದು ಸಾಮುದಾಯಿಕ ಸಂಪತ್ತಾಗಿ ನೋಡುವ ಸಂಪುಟವೊಂದನ್ನು ಆಕೆ ಸಂಪಾದಿಸಿದರು. ಹುಲ್ಲು ಮೇದಷ್ಟೂ ಮುಗಿಯುತ್ತದೆ. ಓದಿದಷ್ಟೂ ಲೇಖನ ಸವೆಯುವುದಿಲ್ಲ. ಇಲ್ಲಿ ಅಪಾಯ ಹೆಚ್ಚು ಮೇಯುವುದರಿಂದಲ್ಲ, ಬೇಲಿಯಿಂದ. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ದುಬಾರಿ ಪತ್ರಿಕೆಗಳ ಒಳಗೆ ಸೇರಿಕೊಂಡರೆ ಅದನ್ನು ಬರೆದ ವಿಶ್ವವಿದ್ಯಾಲಯವೇ ಮತ್ತೆ ದುಡ್ಡು ಕೊಟ್ಟು ಓದಬೇಕಾಗುತ್ತದೆ. ಭಾರತ ಇದಕ್ಕೆ 2024ರ ನವೆಂಬರ್‌ನಲ್ಲಿ ಕಂಡುಕೊಂಡ ಉಪಾಯ ‘ಒಂದು ರಾಷ್ಟ್ರ, ಒಂದು ಚಂದಾ’: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. ಪುಟ್ಟ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕಿಗೆ ಇದು ದೊಡ್ಡ ಅನುಕೂಲವೇ. ಆದರೆ ಬೇಲಿ ಹಾಗೇ ಇದೆ, ಬಾಗಿಲಿನ ಬಾಡಿಗೆಯನ್ನು ಸರ್ಕಾರ ಕಟ್ಟುತ್ತಿದೆ ಅಷ್ಟೆ. ಯಾವ ಸಂಸ್ಥೆಗೂ ಸೇರದ ಹಳಕಾರಿನ ರೈತ ತನ್ನ ಕಾಡಿನ ಬಗ್ಗೆ ಪ್ರಕಟವಾದದ್ದನ್ನು ಓದಬೇಕೆಂದರೆ ಈಗಲೂ ಹೊರಗೇ.

ಎದುರು ದಿಕ್ಕಿನಲ್ಲಿ, ಅಂದರೆ ಊರಿನಿಂದ ಮಾಹಿತಿ ಬರುವಲ್ಲಿ, 2002ರ ಜೀವವೈವಿಧ್ಯ ಕಾಯ್ದೆ ಒಂದು ಒಳ್ಳೆಯ ಯೋಚನೆ ಮಾಡಿತ್ತು. ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ. ಊರಿನ ಗಿಡಮರ, ತಳಿ, ಔಷಧಿ, ಕೆರೆ, ಕಾಡುಗಳ ಬಗ್ಗೆ ಊರವರಿಗೆ ಗೊತ್ತಿರುವುದನ್ನೆಲ್ಲ ಅವರಿಂದಲೇ ಕೇಳಿ ಬರೆದಿಡುವ ‘ಜನತಾ ಜೀವವೈವಿಧ್ಯ ದಾಖಲಾತಿ’. ಗಾಡ್ಗೀಳ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆದೊಯ್ದು ಇದನ್ನು ಮಾಡಿ ನೋಡಿದ್ದರು. ಕಾಯ್ದೆಯಾದ ಮೇಲೆ ವರ್ಷಗಟ್ಟಲೆ ಕೆಲಸ ನಿಧಾನವಾಗಿ ತೆವಳಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಮುಂದಿನ ಜನವರಿ ಕೊನೆಯೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ದಂಡದ ಭಯಕ್ಕೆ ದೇಶದಾದ್ಯಂತ ದಾಖಲಾತಿಗಳು ಸರಸರನೆ ತಯಾರಾದವು, ಎಷ್ಟೋ ಕಡೆ ಹೊರಗಿನ ಏಜೆನ್ಸಿಗಳ ಕೈಯಿಂದ. ಬಲೆ ಹಾಕುವ ತಾಣಗಳ ಪಟ್ಟಿ ಸರಿಮಾಡಿಕೊಳ್ಳಲು ಅಲನ್ಯದ ಬೆಸ್ತರಿಗೆ ಹತ್ತು ವರ್ಷ ಹಿಡಿದಿತ್ತು. ಇಲ್ಲಿ ಒಂದು ಪಂಚಾಯಿತಿಯ ಇಡೀ ಜೀವಜಗತ್ತಿಗೆ ಸಿಕ್ಕಿದ್ದು ಕೆಲವೇ ತಿಂಗಳು.