ಕಡಲ ಸ್ಪಂಜಿನ ಕಾಗುಣಿತ

ಮೂವತ್ತು ವರ್ಷ ಹಳಗನ್ನಡದ ಪಾಠ ಹೇಳಿದ ನನ್ನಂಥವನು ರಸಾಯನಶಾಸ್ತ್ರದ ವಿಷಯ ಮಾತನಾಡಹೊರಟದ್ದು ನಿಮಗೆ ಸೋಜಿಗವೆನಿಸಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನಿಗೆ ರಕ್ತದ ಅರ್ಬುದರೋಗ ಬಂದಿತು. ಏಳು ಹಗಲು, ಏಳು ರಾತ್ರಿ ಎಡೆಬಿಡದೆ ಅವನ ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ಇಳಿಸುತ್ತಿದ್ದರು. ಒಂದು ಸಂಜೆ ಅವನ ತಂದೆ, "ಮೇಷ್ಟ್ರೇ, ಇದನ್ನೇ ಗುಳಿಗೆ ಮಾಡಿ ನುಂಗಿಸಿದರೆ ಆಗೋದಿಲ್ಲವೆ? ಹುಡುಗ ಎದ್ದು ಓಡಾಡಿಕೊಂಡಾದರೂ ಇರುತ್ತಿದ್ದ" ಎಂದರು. ನಾನು ತಲೆ ತಗ್ಗಿಸಿದೆ. ಉತ್ತರವನ್ನು ಹುಡುಕುತ್ತ ಹೋದವನು ಕಡಲಿನ ತಳ ಮುಟ್ಟಿದೆ.

ಆ ಔಷಧಿಯ ಹೆಸರು ಸೈಟರಬಿನ್. ಅದರ ಕಥೆ ಆರಂಭವಾಗುವುದು 1945ರಲ್ಲಿ, ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ. ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿಂದ ತಂದ ಒಂದು ಸ್ಪಂಜಿನಲ್ಲಿ ವಿಚಿತ್ರ ವಸ್ತುಗಳು ದೊರೆತವು. ಸ್ಪಂಜೆಂದರೆ ಗಿಡವಲ್ಲ, ಬಂಡೆಗಂಟಿ ನೀರು ಸೋಸುತ್ತ ಬದುಕುವ ಪ್ರಾಣಿ. ದೊರೆತ ವಸ್ತುಗಳಿಗೆ ಸ್ಪಾಂಗೋಥೈಮಿಡಿನ್, ಸ್ಪಾಂಗೋಯುರಿಡಿನ್ ಎಂದು ಹೆಸರಿಟ್ಟರು.

ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನೊಳಗಿನ ಡಿ.ಎನ್.ಎ. ಎಂಬ ಉದ್ದನೆಯ ಬರಹವನ್ನು ಪ್ರತಿಮಾಡಿಕೊಳ್ಳಬೇಕು. ಆ ಬರಹದ ಒಂದೊಂದು ಅಕ್ಷರದಲ್ಲಿಯೂ ಒಂದು ಸಕ್ಕರೆ, ಅದಕ್ಕಂಟಿದ ಒಂದು ಪ್ರತ್ಯಾಮ್ಲ ಇರುತ್ತವೆ. ಡಿ.ಎನ್.ಎ.ಯ ಸೋದರ ಆರ್.ಎನ್.ಎ.ಯಲ್ಲಿರುವ ರೈಬೋಸ್ ಸಕ್ಕರೆಯ ಎರಡನೆಯ ಇಂಗಾಲದಲ್ಲಿ ಆಮ್ಲಜನಕ-ಜಲಜನಕಗಳ ಒಂದು ಜೋಡಿ ಕೆಳಮುಖವಾಗಿ ನಿಂತಿದೆ. ಡಿ.ಎನ್.ಎ.ಯ ಸಕ್ಕರೆಯಲ್ಲಿ ಆ ಜಾಗದ ಆಮ್ಲಜನಕವೇ ಇಲ್ಲ. ಸ್ಪಂಜಿನ ಸಕ್ಕರೆಯಾದ ಅರಬಿನೋಸ್‌ನಲ್ಲಿ ಜೋಡಿ ಇದೆ, ಆದರೆ ಮೇಲ್ಮುಖವಾಗಿ! ರೈಬೋಸ್‌ನಲ್ಲಿರುವಷ್ಟೇ ಪರಮಾಣುಗಳು, ಒಂದು ಜೋಡಿ ಮಾತ್ರ ಮಗ್ಗುಲು ಬದಲಿಸಿದೆ. ನಾಲಗೆ ತುಸು ಹೊರಳಿದರೆ 'ಹಾಲು' ಹೋಗಿ 'ಹಾಳು' ಆಗುವುದಿಲ್ಲವೆ? ಹಾಗೆ.

ಈ ಸುಳಿವು ಹಿಡಿದು 1959ರಲ್ಲಿ ಪ್ರಯೋಗಶಾಲೆಯಲ್ಲಿ ಅರಬಿನೋಸ್‌ಗೆ ಸೈಟೋಸಿನ್ ಎಂಬ ಪ್ರತ್ಯಾಮ್ಲವನ್ನು ಕೂಡಿಸಿದರು. ಅದೇ ಸೈಟರಬಿನ್, 1969ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು. "ಕಡಲು ಕೊಟ್ಟ ಮದ್ದು" ಎಂದು ಕೆಲವರು ಬರೆಯುವುದುಂಟು. ಅದು ಅರ್ಧಸತ್ಯ. ಬರ್ಗ್‌ಮನ್ನರಿಗೆ ಸ್ಪಂಜಿನಲ್ಲಿ ದೊರೆತದ್ದು ಮಾದರಿ. ಮದ್ದು ಮನುಷ್ಯನ ಕೈಯದು. ಕೋಶ ಇದನ್ನು ತನ್ನದೇ ಅಕ್ಷರವೆಂದು ಭ್ರಮಿಸಿ ಬರಹದೊಳಕ್ಕೆ ಸೇರಿಸಿಕೊಳ್ಳುತ್ತದೆ. ಮೇಲ್ಮುಖವಾದ ಆ ಜೋಡಿಯಿಂದಾಗಿ ಮುಂದಿನ ಅಕ್ಷರ ಸರಿಯಾಗಿ ಕೂಡುವುದಿಲ್ಲ, ಬರಹ ತಡವರಿಸುತ್ತದೆ, ಕೋಶ ಸಾಯುತ್ತದೆ. ಬಿಡುವಿಲ್ಲದೆ ಪ್ರತಿಮಾಡುವ ಅರ್ಬುದಕೋಶಕ್ಕೆ ಪೆಟ್ಟು ಹೆಚ್ಚು. ಬೇಗ ಬೆಳೆಯುವ ನಮ್ಮ ಒಳ್ಳೆಯ ಕೋಶಗಳಿಗೂ ಪೆಟ್ಟು ತಪ್ಪದು.

ಇನ್ನು ಆ ತಂದೆಯ ಪ್ರಶ್ನೆ. ನಮ್ಮ ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, ಒಂದು ಕಿಣ್ವವಿದೆ. ಸೈಟೋಸಿನ್ನಿನ ತುದಿಯಲ್ಲಿರುವ ಸಾರಜನಕದ ಗುಂಪನ್ನು ಕಿತ್ತು ಅಲ್ಲಿ ಆಮ್ಲಜನಕವನ್ನಿಡುವುದು ಅದರ ಕೆಲಸ. ಅಷ್ಟಾದರೆ ಮದ್ದು ನಿರ್ವೀರ್ಯ. ಉಳಿಯುವ ವಸ್ತು ಯಾವುದು ಗೊತ್ತೆ? ಬರ್ಗ್‌ಮನ್ನರಿಗೆ ಸ್ಪಂಜಿನಲ್ಲಿ ದೊರೆತಿದ್ದ ಆ ಸ್ಪಾಂಗೋಯುರಿಡಿನ್ನೇ! ನುಂಗಿದರೆ ಬಹುಪಾಲು ರಕ್ತ ಸೇರುವುದೇ ಇಲ್ಲ. ರಕ್ತಕ್ಕೆ ಕೊಟ್ಟದ್ದೂ ಬೇಗನೆ ಹೀಗೆ ಕೆಡುತ್ತದೆ. ಆದುದರಿಂದಲೇ ಆ ಎಡೆಬಿಡದ ಹನಿ.

ಜಪಾನಿನ ಇನ್ನೊಂದು ಸ್ಪಂಜಿನ ಹ್ಯಾಲಿಕಾಂಡ್ರಿನ್ನಿನ ಪಾಡು ಬೇರೆ. 1980ರ ದಶಕದಲ್ಲಿ ಹಿರಾಟ, ಉಎಮುರ ಎಂಬ ವಿಜ್ಞಾನಿಗಳು 600 ಕಿಲೋ ಸ್ಪಂಜನ್ನು ಅರೆದು ಪಡೆದ ಹ್ಯಾಲಿಕಾಂಡ್ರಿನ್-ಬಿ 12.5 ಮಿಲಿಗ್ರಾಂ ಮಾತ್ರ. 1992ರಲ್ಲಿ ಹಾರ್ವರ್ಡಿನ ಕಿಶಿಯವರ ತಂಡ ಅದನ್ನು ಕೃತಕವಾಗಿ ಕಟ್ಟಿತು. ಆಗ ತಿಳಿದದ್ದು, ಆ ಭಾರೀ ಅಣುವಿನ ಬಲಭಾಗವೊಂದೇ ಸಾಕೆಂದು. ದೇಹದಲ್ಲಿ ಸುಲಭವಾಗಿ ಒಡೆಯುವ ಎಸ್ಟರ್ ಬಂಧದ ಜಾಗದಲ್ಲಿ ಗಟ್ಟಿಯಾದ ಕೀಟೋನನ್ನಿಟ್ಟರು. ಹೀಗೆ ಹುಟ್ಟಿದ ಎರಿಬುಲಿನ್, ಕೋಶ ಒಡೆಯುವಾಗ ಬೇಕಾಗುವ ಸೂಕ್ಷ್ಮನಾಳಗಳು ಬೆಳೆಯದಂತೆ ತಡೆಯುತ್ತದೆ. 2010ರಿಂದ, ಹರಡಿದ ಸ್ತನದ ಅರ್ಬುದಕ್ಕೆ ಅದು ಬಳಕೆಯಲ್ಲಿದೆ.

ನಾನು ಇಷ್ಟನ್ನು ಕಲಿತುಕೊಳ್ಳುವ ಹೊತ್ತಿಗೆ ತಡವಾಗಿತ್ತು. ಮೊದಲ ಸಲ ಹಿಮ್ಮೆಟ್ಟಿದ ರೋಗ ಮರುವರ್ಷ ತಿರುಗಿ ಬಂದು ಹುಡುಗನನ್ನು ಕೊಂಡೊಯ್ದಿತ್ತು. ಆದರೂ ಉತ್ತರ ಬಾಕಿ ಉಳಿದಿತ್ತಲ್ಲ ಎಂದು ಅವರ ಊರಿಗೆ ಹೋಗಿ, ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಏಳು ರಾತ್ರಿ ಅವನನ್ನು ವೃಥಾ ಕಟ್ಟಿಹಾಕಿರಲಿಲ್ಲ, ಅನ್ನಿ" ಎಂದರು.