ಆಟದ ಸರ್ವರಿಗೆ ವೇಗವೋ, ತಾಳವೋ?

ಹತ್ತು ಮಂದಿ ಹತ್ತು ಕಡೆ ಕುಳಿತು ಒಟ್ಟಾಗಿ ಆಡುವ ಕಂಪ್ಯೂಟರ್ ಆಟಗಳು ಇಂದು ನಮ್ಮ ಮನೆಗಳ ಚಾವಡಿಗೂ ಬಂದಿವೆ. ಮಕ್ಕಳು ತಲಾ ಇಷ್ಟೆಂದು ಹಣ ಕೂಡಿಸಿ, ತಮ್ಮ ತಂಡಕ್ಕೇ ಮೀಸಲಾದ ಸರ್ವರನ್ನು ತಿಂಗಳ ಬಾಡಿಗೆಗೆ ಪಡೆಯುವುದೂ ಉಂಟು. 2000ದ ದಶಕದಲ್ಲಿ ಇಂತಹ ಸರ್ವರುಗಳ ವ್ಯಾಪಾರಿಗಳು 'ಸೆಕೆಂಡಿಗೆ 1000 ಫ್ರೇಮ್' ಎಂದು ಸಾರಿ ಹೆಚ್ಚು ಬೆಲೆ ಕೇಳುತ್ತಿದ್ದರು. ಹಳೆಯ ಆಟಗಳ ಅಭಿಮಾನಿಗಳಲ್ಲಿ ಆ ಸಂಖ್ಯೆಯ ಮೋಹ ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೆ ಹಣ ತೆರುವುದು ಯುಕ್ತವೇ ಎಂಬುದನ್ನು ಹೆತ್ತವರೂ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಸರ್ವರ್ ಎಂದರೆ ಆಟದ ನ್ಯಾಯಾಧೀಶ. ಅದಕ್ಕೆ ಚಿತ್ರ ತೋರಿಸುವ ಕೆಲಸವಿಲ್ಲ. ಆಟಗಾರರಿಂದ ಬಂದ ಸಂದೇಶಗಳನ್ನು ಓದಿ, ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು ಎಂದು ಲೆಕ್ಕ ಹಾಕಿ, ತೀರ್ಪನ್ನು ಎಲ್ಲರಿಗೂ ಕಳುಹಿಸುವ ಒಂದು ಸುತ್ತೇ ಇಲ್ಲಿ ಒಂದು ಫ್ರೇಮ್. ಈ ಸುತ್ತು ಕ್ರಮ ತಪ್ಪಿದರೆ ಚುರುಕಾಗಿ ಆಡಿದವನೂ ಸೋಲಬಹುದು. ಗೆಳೆಯರ ನಡುವಿನ ಎಷ್ಟೋ ಜಗಳಗಳ ಮೂಲ ಇದೇ.

ಕೌಂಟರ್ ಸ್ಟ್ರೈಕ್ ಆಟವನ್ನೇ ನೋಡೋಣ. 1998ರ ಹಾಫ್ ಲೈಫ್ ಎಂಬ ಆಟಕ್ಕೆ 1999ರಲ್ಲಿ ಹವ್ಯಾಸಿಗಳು ಜೋಡಿಸಿದ ಇದನ್ನು 2000ದಲ್ಲಿ ವಾಲ್ವ್ ಸಂಸ್ಥೆ ತನ್ನದಾಗಿ ಹೊರತಂದಿತು. ಇದರ ಸರ್ವರ್ ಒಂದು ಸುತ್ತು ಮುಗಿಸಿ ಕ್ಷಣಕಾಲ ನಿದ್ರಿಸುತ್ತದೆ. ಅದನ್ನು ಎಬ್ಬಿಸುವುದು ಕಂಪ್ಯೂಟರಿನ ಗಡಿಯಾರ. ವಿಂಡೋಸ್‌ನಲ್ಲಿ ಆ ಗಡಿಯಾರ ಸಹಜವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತಿತ್ತು. ಆದುದರಿಂದ ಫ್ರೇಮುಗಳು ಸೆಕೆಂಡಿಗೆ ಸುಮಾರು 64ಕ್ಕೆ ನಿಲ್ಲುತ್ತಿದ್ದವು. ಅದೇ ಯಂತ್ರದಲ್ಲಿ ಹಾಡು ಕೇಳಿಸುವ ಮೀಡಿಯಾ ಪ್ಲೇಯರನ್ನು ತೆರೆದಿಟ್ಟರೆ ಸರ್ವರಿನ ವೇಗ ತಾನಾಗಿ ಏರುತ್ತಿದ್ದುದು ಹಲವರಿಗೆ ಸೋಜಿಗವೆನಿಸಿತ್ತು. ಪ್ಲೇಯರ್ ತನಗಾಗಿ ಗಡಿಯಾರವನ್ನು ಸೂಕ್ಷ್ಮಗೊಳಿಸುತ್ತಿತ್ತು, ಪಕ್ಕದ ಸರ್ವರಿಗೂ ಅದರ ಫಲ ಸಿಗುತ್ತಿತ್ತು, ಇಷ್ಟೇ ಗುಟ್ಟು. ಲಿನಕ್ಸ್ ಬಳಸುವವರು ಸೆಕೆಂಡಿಗೆ 100 ಅಥವಾ 250 ಬಡಿತವಿದ್ದ ಕರ್ನಲನ್ನು 1000ಕ್ಕೆ ಬದಲಿಸಿ ಮರುಕಟ್ಟುತ್ತಿದ್ದರು. 2007ರ 2.6.21 ಆವೃತ್ತಿಯಲ್ಲಿ ಇನ್ನೂ ಸೂಕ್ಷ್ಮವಾದ ಗಡಿಯಾರ ಬಂದ ಮೇಲೆ ಈ ಶ್ರಮ ಕಡಿಮೆಯಾಯಿತು.

ಇದರಿಂದ ಲಾಭವೆಷ್ಟು? ಸೆಕೆಂಡಿಗೆ 100 ಫ್ರೇಮಿದ್ದರೆ ಸಂದೇಶವೊಂದು ಸರಾಸರಿ 5 ಮಿಲಿಸೆಕೆಂಡು ಕಾಯಬೇಕು. 1000 ಇದ್ದರೆ ಅರ್ಧ ಮಿಲಿಸೆಕೆಂಡು. ಉಳಿತಾಯ ನಾಲ್ಕೂವರೆ ಮಿಲಿಸೆಕೆಂಡು. ಗಾಜಿನ ಎಳೆಯ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಎಂದರೆ ಸಾವಿರ ಕಿಲೋಮೀಟರ್ ದೂರದ ಸರ್ವರಿಗೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಕೇಬಲ್ ದಾರಿಯಲ್ಲಿ 450 ಕಿಲೋಮೀಟರ್ ಹತ್ತಿರವಿರುವ ಸರ್ವರನ್ನು ಆರಿಸಿದರೆ, 1000 ಫ್ರೇಮಿನ ಲಾಭ ಹೆಚ್ಚು ಖರ್ಚಿಲ್ಲದೆ ಕೈಸೇರಿತು!

ಅದಕ್ಕಿಂತ ಮುಖ್ಯವಾದುದು ತಾಳ. ಯಕ್ಷಗಾನದಲ್ಲಿ ಭಾಗವತರ ಜಾಗಟೆ ವಿಳಂಬವಾಗಿರಲಿ, ದ್ರುತವಾಗಿರಲಿ, ವೇಷಧಾರಿ ಹೊಂದಿಕೊಳ್ಳುತ್ತಾನೆ. ನಡುವೆ ಪೆಟ್ಟು ತಪ್ಪಿದರೆ ಮಾತ್ರ ಹೆಜ್ಜೆ ಕೆಡುತ್ತದೆ. ಸೆಕೆಂಡಿಗೆ 64 ಸುತ್ತಿನ ಸರ್ವರಿಗೆ ಒಂದೊಂದು ಸುತ್ತಿಗೂ 15.6 ಮಿಲಿಸೆಕೆಂಡಿನ ಅವಕಾಶವಿದೆ. ಯಾವುದೋ ಒಂದು ಸುತ್ತು 60 ಮಿಲಿಸೆಕೆಂಡು ಹಿಡಿದರೆ, ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಆ ಗಳಿಗೆಯಲ್ಲಿ ಆಟ ಮುಗ್ಗರಿಸುತ್ತದೆ.

ಇದಕ್ಕೆ ಪರಿಹಾರಗಳು ಸರಳ. ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳುವ ಏರ್ಪಾಡನ್ನು ಸರ್ವರಿನಲ್ಲಿ ನಿಲ್ಲಿಸಬೇಕು. ಅದೇ ಯಂತ್ರಕ್ಕೆ ಬೇರೆ ಭಾರದ ಕೆಲಸ ಹೇರಬಾರದು. ಬೇಡದ ಪ್ಲಗಿನ್‌ಗಳನ್ನು ತೆಗೆಯಬೇಕು. ಹಳೆಯ ಆಟಗಳು ಬಹುಪಾಲು ಲೆಕ್ಕವನ್ನು ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ಮಾಡುವುದರಿಂದ, ಹಲವು ಮಂದಗತಿಯ ಕೋರ್‌ಗಳಿಗಿಂತ ಚುರುಕಾದ ಕೆಲವೇ ಕೋರ್‌ಗಳು ಮೇಲು. ಪ್ರತಿ ಬದಲಾವಣೆಯ ನಂತರ ಸರಾಸರಿಯನ್ನಲ್ಲ, ಅತಿ ನಿಧಾನದ ಸುತ್ತನ್ನು ಗಮನಿಸಬೇಕು.

ಆಟ ಕಟ್ಟುವವರೂ ಈ ಪಾಠ ಕಲಿತಂತಿದೆ. 2012ರ ಗ್ಲೋಬಲ್ ಅಫೆನ್ಸಿವ್ ಆವೃತ್ತಿಯಲ್ಲಿ ವಾಲ್ವ್‌ನ ಸ್ವಂತ ಸರ್ವರುಗಳು ಸೆಕೆಂಡಿಗೆ 64 ಸುತ್ತಿನಲ್ಲೇ ನಡೆದವು. ಹೊರಗಿನ ಕೆಲವರು 128ನ್ನು ಬಳಸಿದರು. 2023ರ ಕೌಂಟರ್ ಸ್ಟ್ರೈಕ್ 2ರಲ್ಲಿ ಆಟಗಾರ ಗುಂಡಿ ಒತ್ತಿದ ನಿಖರ ಕ್ಷಣವನ್ನೂ ಸಂದೇಶದ ಜೊತೆಗೇ ಕಳುಹಿಸುವ ಕ್ರಮ ಬಂತು. ಸುತ್ತುಗಳ ಸಂಖ್ಯೆಯನ್ನು ಏರಿಸುವ ಬದಲು ತೀರ್ಪನ್ನು ನಿಖರಗೊಳಿಸುವ ಯತ್ನವಿದು.

ಆದುದರಿಂದ ಮಗ ಹೊಸ ಸರ್ವರಿಗೆ ಹಣ ಕೇಳಿದರೆ ಗದರಿಸಿ ಕಳುಹಿಸುವುದೂ ಬೇಡ, ಕೇಳಿದಷ್ಟು ಕೊಡುವುದೂ ಬೇಡ. ಸರ್ವರ್ ಎಷ್ಟು ದೂರದಲ್ಲಿದೆ, ಅದರ ಅತಿ ನಿಧಾನದ ಸುತ್ತು ಎಷ್ಟು ಹೊತ್ತಿನದು ಎಂಬ ಎರಡು ಪ್ರಶ್ನೆ ಕೇಳಿ ನೋಡಿ. ಉತ್ತರ ಹುಡುಕುವ ಹುಡುಗ ಆಟದ ನೆಪದಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿತಿರುತ್ತಾನೆ.